ಪ್ರೌಢಶಾಲೆಯ ಸಮಾಜ ವಿಜ್ಞಾನ: ಕಡ್ಡಾಯ ಪಾಠ, ಆಯ್ಕೆಯ ದಾರಿ

ಕರ್ನಾಟಕದ ಪ್ರೌಢಶಾಲೆಗಳಲ್ಲಿ 8, 9 ಮತ್ತು 10ನೇ ತರಗತಿಯ ಎಲ್ಲ ಮಕ್ಕಳೂ ಓದಲೇಬೇಕಾದ ವಿಷಯಗಳಲ್ಲಿ ಸಮಾಜ ವಿಜ್ಞಾನವೂ ಒಂದು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಇದರೊಳಗೆ ಸೇರಿವೆ. ಈ ಆರರಲ್ಲಿ ಇದು ಬೇಕು, ಅದು ಬೇಡ ಎನ್ನುವ ಅವಕಾಶ ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಗೆ ಪ್ರೌಢಶಾಲೆಯಲ್ಲಿ ಇಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಪದವಿಪೂರ್ವ ಕಾಲೇಜಿನ ಅರ್ಜಿ ತುಂಬುವ ದಿನ ಆ ಪ್ರಶ್ನೆ ಮೊದಲ ಬಾರಿಗೆ ಎದುರಾಗುತ್ತದೆ. ಕಡ್ಡಾಯದಿಂದ ಐಚ್ಛಿಕಕ್ಕೆ ಸಾಗುವ ಈ ದಾರಿಯನ್ನು ಹಂಪಿಯ ಮಗ್ಗುಲಿನ ಕಮಲಾಪುರವನ್ನೂ ಅದರ ಸುತ್ತಲಿನ ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನೂ ನಡುವೆ ಇಟ್ಟುಕೊಂಡು ಈ ಲೇಖನ ಪರಿಚಯಿಸುತ್ತದೆ.

ಹೆಸರು ಮತ್ತು ಹಿನ್ನೆಲೆ

ಹಳೆಯ ತಲೆಮಾರಿನವರಿಗೆ ಇದು ಚರಿತ್ರೆ, ಭೂಗೋಳ, ಪೌರನೀತಿ ಎಂಬ ಮೂರು ಬೇರೆ ಬೇರೆ ಪಾಠ. ಆಮೇಲೆ ‘ಸಮಾಜ ಪಾಠ’ ಎಂಬ ಹೆಸರು ಬಳಕೆಗೆ ಬಂತು; ಶಿಕ್ಷಕರ ನೇಮಕಾತಿ ಪ್ರಕಟಣೆಗಳಲ್ಲಿ ಅದು ಇನ್ನೂ ಉಳಿದಿದೆ. ಪಠ್ಯಪುಸ್ತಕದ ರಕ್ಷಾಪುಟದಲ್ಲಿ ಈಗಿರುವುದು ‘ಸಮಾಜ ವಿಜ್ಞಾನ’. ಮಕ್ಕಳ ಬಾಯಲ್ಲಿ ಮಾತ್ರ ಇದು ‘ಸೋಷಿಯಲ್’, ಕಲಿಸುವವರು ‘ಸೋಷಿಯಲ್ ಸರ್’ ಅಥವಾ ‘ಸೋಷಿಯಲ್ ಮಿಸ್’.

ಬೇರೆ ಬೇರೆ ಶಾಸ್ತ್ರಗಳನ್ನು ಒಂದೇ ವಿಷಯವಾಗಿ ಕಲಿಸುವ ವಿಚಾರಕ್ಕೆ ಅಮೆರಿಕದಲ್ಲಿ ಸ್ಪಷ್ಟ ರೂಪ ಕೊಟ್ಟದ್ದು ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಘದ ಸಮಿತಿಯೊಂದು 1916ರಲ್ಲಿ ಹೊರತಂದ ವರದಿ. ಭಾರತದಲ್ಲಿ 1952-53ರ ಮಾಧ್ಯಮಿಕ ಶಿಕ್ಷಣ ಆಯೋಗ, ಅಂದರೆ ಮೊದಲಿಯಾರ್ ಆಯೋಗ, ಸಮಾಜ ಪಾಠವನ್ನು ಎಲ್ಲರಿಗೂ ಸಾಮಾನ್ಯವಾದ ತಿರುಳಿನ ವಿಷಯವಾಗಿಸಲು ಶಿಫಾರಸು ಮಾಡಿತು. ಅದೇ ಆಯೋಗ ಆಯ್ಕೆಗೂ ಜಾಗ ಇಟ್ಟಿತ್ತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಕವಲುಗಳನ್ನು ಅದು ಸೂಚಿಸಿತು. ಇವುಗಳಲ್ಲಿ ಹಲವನ್ನು ಒಂದೇ ಸೂರಿನಡಿ ಕಲಿಸುವ ಬಹೂದ್ದೇಶ ಶಾಲೆಗಳ ಕಲ್ಪನೆಯೂ ಅದರದೇ. 1964-66ರ ಕೊಠಾರಿ ಆಯೋಗ ಈ ಕವಲುಗಳನ್ನು ಒಪ್ಪಲಿಲ್ಲ. ಮೊದಲ ಹತ್ತು ವರ್ಷ ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣ, ಆಯ್ಕೆ ಅದರ ನಂತರ ಎಂಬುದು ಅದರ ನಿಲುವು. ಹದಿಮೂರು ವರ್ಷದ ಮಗುವಿನ ಹಣೆಬರಹವನ್ನು ಆಗಲೇ ಬರೆದುಬಿಡಬಾರದು ಎಂಬ ಕಾಳಜಿ ಇದರ ಹಿಂದಿತ್ತು. ಇಂದಿನ ಏರ್ಪಾಡು ನಿಂತಿರುವುದು ಈ ತಳಹದಿಯ ಮೇಲೆ.

ರಾಜ್ಯ ಪಠ್ಯಕ್ರಮ

ಕರ್ನಾಟಕ ಪಠ್ಯಪುಸ್ತಕ ಸಂಘ ಪ್ರಕಟಿಸುವ ಸಮಾಜ ವಿಜ್ಞಾನದ ಪುಸ್ತಕ ಎರಡು ಭಾಗಗಳಲ್ಲಿ ಬರುತ್ತದೆ. ಪ್ರತಿ ಭಾಗದಲ್ಲೂ ಆರು ಶಾಸ್ತ್ರಗಳ ಪಾಠಗಳು ಹಂಚಿಕೆಯಾಗಿರುತ್ತವೆ. ಹೆಚ್ಚಿನ ಪುಟಗಳು ಇತಿಹಾಸ ಮತ್ತು ಭೂಗೋಳದ ಪಾಲು. ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನಗಳಿಗೆ ಸಿಗುವುದು ಬೆರಳೆಣಿಕೆಯ ಪಾಠ.

8ನೇ ತರಗತಿಯ ಇತಿಹಾಸ ಆಧಾರಗಳಿಂದ, ಪ್ರಾಚೀನ ನಾಗರಿಕತೆಗಳಿಂದ ಆರಂಭವಾಗಿ ಶಾತವಾಹನ, ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳರವರೆಗೆ ಸಾಗುತ್ತದೆ. ಭೂಗೋಳದಲ್ಲಿ ಶಿಲಾಗೋಳ, ವಾಯುಗೋಳ, ಜಲಗೋಳಗಳ ಪರಿಚಯವಾಗುತ್ತದೆ. ರಾಜ್ಯಶಾಸ್ತ್ರದಲ್ಲಿ ಸ್ಥಳೀಯ ಸರ್ಕಾರ ಬರುತ್ತದೆ. 9ರಲ್ಲಿ ವಿಜಯನಗರ-ಬಹಮನಿ ರಾಜ್ಯಗಳು, ಮೊಘಲರು, ಮರಾಠರು ಮತ್ತು ಭಕ್ತಿಪಂಥದ ಜೊತೆಗೆ ಆಧುನಿಕ ಯುರೋಪಿನ ಪಾಠಗಳಿವೆ. ಅದೇ ವರ್ಷದ ಭೂಗೋಳ ಇಡಿಯಾಗಿ ಕರ್ನಾಟಕದ್ದು: ನೆಲ, ಮಳೆ, ನದಿ, ಖನಿಜ, ಕೈಗಾರಿಕೆ, ಪ್ರವಾಸಿ ತಾಣ. ಸಂವಿಧಾನ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು, ನ್ಯಾಯಾಂಗ ಕೂಡ ಇದೇ ತರಗತಿಯಲ್ಲಿ. 10ರಲ್ಲಿ ಯುರೋಪಿಯನ್ನರ ಆಗಮನದಿಂದ ಸ್ವಾತಂತ್ರ್ಯಾನಂತರದ ಭಾರತದವರೆಗಿನ ಇತಿಹಾಸ, ವಿದೇಶಾಂಗ ನೀತಿ, ಸಾಮಾಜಿಕ ಚಳವಳಿಗಳು, ಭಾರತದ ಭೂಗೋಳ ಬರುತ್ತವೆ. ಗ್ರಾಮೀಣಾಭಿವೃದ್ಧಿ, ಸಾರ್ವಜನಿಕ ಹಣಕಾಸು, ಬ್ಯಾಂಕ್ ವ್ಯವಹಾರ, ಗ್ರಾಹಕ ರಕ್ಷಣೆಯೂ ಈ ವರ್ಷದ ಪಾಠಗಳೇ.

ಪುಸ್ತಕ ಕನ್ನಡ ಮತ್ತು ಇಂಗ್ಲಿಷ್ ಜೊತೆಗೆ ಉರ್ದು, ತೆಲುಗು, ಮರಾಠಿ, ತಮಿಳು, ಹಿಂದಿ ಮಾಧ್ಯಮಗಳಲ್ಲೂ ದೊರೆಯುತ್ತದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಬೆಂಚು ಹಂಚಿಕೊಳ್ಳುವ ಬಳ್ಳಾರಿ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ವಿಷಯವನ್ನು ಆರಿಸಲಾಗದಿದ್ದರೂ ಅದನ್ನು ಯಾವ ನುಡಿಯಲ್ಲಿ ಓದಬೇಕು ಎಂಬುದರಲ್ಲಿ ಇಲ್ಲಿನ ಕುಟುಂಬಗಳಿಗೆ ಒಂದಿಷ್ಟು ಆಯ್ಕೆ ಉಂಟು.

ಪರೀಕ್ಷೆ ಮತ್ತು ನಕ್ಷೆ

ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಸಮಾಜ ವಿಜ್ಞಾನದ ಪಾಲು 100. ಇದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ವರ್ಷದುದ್ದಕ್ಕೂ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆ, ಕಿರುಪರೀಕ್ಷೆಗಳಿಂದ ಆ ಇಪ್ಪತ್ತು ಒದಗುತ್ತವೆ. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ 2022ರಲ್ಲಿ ಪದವಿಪೂರ್ವ ಪರೀಕ್ಷೆಯ ವಿಭಾಗದೊಡನೆ ಸೇರಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. 2024ರಲ್ಲಿ ಮಂಡಳಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ತಂದಿತು. ಕೋವಿಡ್ ವರ್ಷವಾದ 2021ರಲ್ಲಿ ಮಾತ್ರ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಜುಲೈ 19ರ ಒಂದೇ ದಿನ, ವಿಷಯಕ್ಕೆ 40 ಅಂಕದಂತೆ, ವೃತ್ತ ತುಂಬುವ ಉತ್ತರ ಹಾಳೆಯಲ್ಲಿ ಮುಗಿದುಹೋದವು.

ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳು ಹೆಚ್ಚು ಅಭ್ಯಾಸ ಮಾಡುವುದು ಕೊನೆಯ ನಕ್ಷೆ ಪ್ರಶ್ನೆಯನ್ನು. ಭಾರತದ ಹೊರಗೆರೆಯನ್ನು ಕೈಯಿಂದಲೇ ಬರೆದು, ಕೇಳಿದ ಸ್ಥಳಗಳನ್ನು ಗುರುತಿಸಬೇಕು. ಇದಕ್ಕೆ ಐದು ಅಂಕ: ನಕ್ಷೆಗೆ ಒಂದು, ಗುರುತಿಗೆ ನಾಲ್ಕು. ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಕೋಣೆಗಳಲ್ಲಿ ದಿನಕ್ಕೊಂದು ನಕ್ಷೆಯ ಕಟ್ಟಳೆ. ಮೊದಲು ಪೆನ್ಸಿಲಿನಲ್ಲಿ ತೆಳುವಾಗಿ ಚೌಕ ಎಳೆದುಕೊಳ್ಳಬೇಕು, ಕಛ್‌ನ ಕೊಕ್ಕೆ ಸರಿಯಾಗಿ ಬಾಗಬೇಕು, ಈಶಾನ್ಯದ ಕುತ್ತಿಗೆ ಮುರಿಯದಂತೆ ನೋಡಿಕೊಳ್ಳಬೇಕು. ಕರ್ಕಾಟಕ ಸಂಕ್ರಾಂತಿ ವೃತ್ತ, 82½ ಡಿಗ್ರಿ ಪೂರ್ವ ರೇಖಾಂಶ, ಭಾಕ್ರಾ, ಹಿರಾಕುಡ್, ತುಂಗಭದ್ರಾ ಅಭ್ಯಾಸದ ಪಟ್ಟಿಯಲ್ಲಿ ಸದಾ ಇರುವ ಹೆಸರುಗಳು. ಕಮಲಾಪುರದ ಹುಡುಗಿ ತುಂಗಭದ್ರೆಯ ಚುಕ್ಕೆ ಇಡುವಾಗ ಪೆನ್ಸಿಲು ಕೂದಲೆಳೆಯಷ್ಟು ಬಲಕ್ಕೆ ಸರಿದರೆ ಅಣೆಕಟ್ಟು ಆಂಧ್ರಕ್ಕೆ ಹೋಗಿಬಿಡುತ್ತದೆ. ನಿಜದ ಅಣೆಕಟ್ಟು ಅವಳ ಊರಿನಿಂದ ಇಪ್ಪತ್ತು ಕಿಲೋಮೀಟರ್ ಒಳಗೇ ಇದೆ.

ಶಾಲೆಯ ಹಂತದಲ್ಲೇ ಇರುವ ಆಯ್ಕೆಗಳು

ಕಡ್ಡಾಯದ ಈ ಚೌಕಟ್ಟಿನಲ್ಲೂ ಕೆಲವು ಬಾಗಿಲುಗಳಿವೆ. ಅಂಗವೈಕಲ್ಯದ ಕಾರಣ ಗಣಿತ ಅಥವಾ ವಿಜ್ಞಾನದಿಂದ ವಿನಾಯಿತಿ ಪಡೆದ ವಿದ್ಯಾರ್ಥಿಗಳು ಅವುಗಳ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದಂಥ ಪರ್ಯಾಯ ಪತ್ರಿಕೆ ಬರೆಯಬಹುದು. ರಾಜ್ಯದ ಹತ್ತನೇ ತರಗತಿಯಲ್ಲಿ ಈ ಶಾಸ್ತ್ರಗಳು ಬಿಡಿ ವಿಷಯಗಳಾಗಿ ಕಾಣಿಸುವುದು ಇಲ್ಲಿ ಮಾತ್ರ. ಆಯ್ದ ಶಾಲೆಗಳಲ್ಲಿ ತೃತೀಯ ಭಾಷೆಯ ಜಾಗದಲ್ಲಿ ವೃತ್ತಿಪರ ವಿಷಯ ತೆಗೆದುಕೊಳ್ಳಬಹುದಾದರೂ ಅದರಿಂದ ಸಮಾಜ ವಿಜ್ಞಾನದ ಸ್ಥಾನ ಕದಲುವುದಿಲ್ಲ.

ದೊಡ್ಡ ಆಯ್ಕೆ ನಡೆಯುವುದು ಮಂಡಳಿಯ ಮಟ್ಟದಲ್ಲಿ. ಸಿಬಿಎಸ್‌ಇ ಶಾಲೆಗಳ ಸಮಾಜ ವಿಜ್ಞಾನದಲ್ಲಿ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಂಬ ನಾಲ್ಕೇ ಅಂಗ. ಅಂಕದ ಹಂಚಿಕೆ 80 ಮತ್ತು 20ರದೇ. ಈ ಸೀಮೆಯಲ್ಲಿ ಹೊಸಪೇಟೆಯ ಮತ್ತು ಸಂಡೂರು ತಾಲ್ಲೂಕಿನ ದೋಣಿಮಲೈಯ ಕೇಂದ್ರೀಯ ವಿದ್ಯಾಲಯಗಳು, ಕೂಡ್ಲಿಗಿ ಕಡೆಯ ಚಿಕ್ಕಜೋಗಿಹಳ್ಳಿಯ ಜವಾಹರ ನವೋದಯ ವಿದ್ಯಾಲಯ ಈ ದಾರಿಯವು. ಐಸಿಎಸ್‌ಇ ಪದ್ಧತಿಯಲ್ಲಿ ಇತಿಹಾಸ-ಪೌರನೀತಿಗೆ ಒಂದು ಪತ್ರಿಕೆ, ಭೂಗೋಳಕ್ಕೆ ಇನ್ನೊಂದು. ಅರ್ಥಶಾಸ್ತ್ರವನ್ನು ಬೇಕಾದವರು ಬೇರೆಯಾಗಿ ಆರಿಸಿಕೊಳ್ಳಬಹುದು. ಹತ್ತನೇ ತರಗತಿಯ ಮಟ್ಟದಲ್ಲಿ ಕೈ ಬಿಚ್ಚಿ ಆಯ್ಕೆ ಕೊಡುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅಲ್ಲಿ ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ಮನೋವಿಜ್ಞಾನ, ಭಾರತೀಯ ಸಂಸ್ಕೃತಿ ಮತ್ತು ಪರಂಪರೆ ಇತ್ಯಾದಿಗಳಿಂದ ವಿದ್ಯಾರ್ಥಿ ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಶಾಲೆ ಬಿಟ್ಟು ದುಡಿಮೆಗಿಳಿದು ಮತ್ತೆ ಓದಲು ಬಯಸುವವರಿಗೆ ಇದು ಒಪ್ಪುವ ದಾರಿ.

ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲೂ ಸಮಾಜ ವಿಜ್ಞಾನಕ್ಕೆ ತೂಕವಿದೆ. ಅದರ ವ್ಯಾಸಂಗ ಸಾಮರ್ಥ್ಯ ಪತ್ರಿಕೆಯ 90 ಪ್ರಶ್ನೆಗಳಲ್ಲಿ 35 ಈ ವಿಷಯದವು. ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ದೊರೆಯುವುದರಿಂದ ಬಡ ಕುಟುಂಬಗಳಿಗೆ ಈ 35 ಪ್ರಶ್ನೆಗಳ ಬೆಲೆ ಗೊತ್ತು.

ಪದವಿಪೂರ್ವ ಹಂತ: ‘ಕಾಂಬಿನೇಷನ್’

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ; ಒಟ್ಟು 600 ಅಂಕ. ಆ ನಾಲ್ಕರ ಗುಂಪನ್ನೇ ಎಲ್ಲರೂ ‘ಕಾಂಬಿನೇಷನ್’ ಎನ್ನುತ್ತಾರೆ. ಕಲಾ ವಿಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಇಪಿಎಸ್: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಇವುಗಳಲ್ಲೊಂದರ ಬದಲು ಐಚ್ಛಿಕ ಕನ್ನಡ, ಭೂಗೋಳ, ಮನೋವಿಜ್ಞಾನ, ತರ್ಕಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರ ಬರುವ ಸಂಯೋಜನೆಗಳೂ ಉಂಟು. ಭೂಗೋಳ ಮತ್ತು ಮನೋವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಇತಿಹಾಸದಲ್ಲಿ ನಕ್ಷೆ ಗುರುತಿಸುವ ಪ್ರಶ್ನೆ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ವಾಣಿಜ್ಯ ವಿಭಾಗದ ಎಚ್‌ಇಬಿಎಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳು ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆ ಕೂಡುತ್ತವೆ. ಇತಿಹಾಸದ ಬದಲು ಸಂಖ್ಯಾಶಾಸ್ತ್ರ ಬಂದರೆ ಅದು ಎಸ್‌ಇಬಿಎ. ಹೀಗೆ, ಹತ್ತನೇ ತರಗತಿಯವರೆಗೆ ಒಂದೇ ಪುಸ್ತಕದಲ್ಲಿದ್ದ ಆರು ಶಾಸ್ತ್ರಗಳು ಇಲ್ಲಿ ಎರಡು ವಿಭಾಗಗಳಿಗೆ ಚದುರುತ್ತವೆ.

ಪಟ್ಟಿಯಲ್ಲಿರುವುದೆಲ್ಲ ಊರಿನ ಕಾಲೇಜಿನಲ್ಲಿ ಇರುವುದಿಲ್ಲ. ಉಪನ್ಯಾಸಕರಿದ್ದ ವಿಷಯ ಉಳಿಯುತ್ತದೆ, ಮಕ್ಕಳು ಸಾಕಷ್ಟು ಸೇರದ ಸಂಯೋಜನೆ ನಿಂತುಹೋಗುತ್ತದೆ. ಆದ್ದರಿಂದ ಸಣ್ಣ ಊರಿನ ವಿದ್ಯಾರ್ಥಿಯ ಆಯ್ಕೆಯನ್ನು ಎಷ್ಟೋ ಸಲ ತೀರ್ಮಾನಿಸುವುದು ಬಸ್ಸಿನ ವೇಳೆ. ಹೊಸಪೇಟೆಗೋ ಬಳ್ಳಾರಿಗೋ ದಿನಾ ಹೋಗಿಬರಲು ಮನೆಯವರು ಒಪ್ಪಿದರೆ ಭೂಗೋಳ, ಇಲ್ಲವಾದರೆ ಇದ್ದುದರಲ್ಲೇ ಒಂದು. ಇದರ ಮೇಲೆ ನೆಂಟರ ಪ್ರಶ್ನೆ ಬೇರೆ: “ಇಷ್ಟು ಮಾರ್ಕ್ಸ್ ಬಂದೂ ಆರ್ಟ್ಸ್ ಯಾಕ್ ತಗೊಂಡಿ?” ಅಂಕ ಕಡಿಮೆ ಬಂದವರ ವಿಭಾಗ ಎಂಬ ಹಣೆಪಟ್ಟಿ ಕಲಾ ವಿಭಾಗವನ್ನು ಇನ್ನೂ ಬಿಟ್ಟಿಲ್ಲ.

ಮುಂದಿನ ದಾರಿಗಳ ಲೆಕ್ಕ ಅಷ್ಟು ಸರಳವಲ್ಲ. ವಿಜ್ಞಾನ ಓದಿದವರು ಮುಂದೆ ಬಿ.ಎ.ಗೆ ಬರಬಹುದು, ಕಲಾ ವಿಭಾಗದವರಿಗೆ ಎಂಜಿನಿಯರಿಂಗ್, ವೈದ್ಯಕೀಯದ ಬಾಗಿಲು ಮುಚ್ಚಿರುತ್ತದೆ. ಐದು ವರ್ಷದ ಕಾನೂನು ಪದವಿ ಯಾವ ವಿಭಾಗದವರಿಗೂ ತೆರೆದಿದೆ. ಬಿ.ಎ. ನಂತರ ಬಿ.ಎಡ್. ಮಾಡಿ ಶಿಕ್ಷಕರಾಗುವುದು, ಸಮಾಜಕಾರ್ಯ, ಪತ್ರಿಕೋದ್ಯಮ, ಕೆಎಎಸ್ ಮತ್ತು ಐಎಎಸ್ ಪರೀಕ್ಷೆಗಳು ಹಳೆಯ ಹೆದ್ದಾರಿಗಳು. ಈ ಸೀಮೆಗೆ ಇನ್ನೊಂದು ಸೇರುತ್ತದೆ: ಪ್ರವಾಸಿ ಮಾರ್ಗದರ್ಶಕರ ಕೆಲಸ. ಇತಿಹಾಸದ ಓದು ಹೀಗೆ ಊರಲ್ಲೇ ಅನ್ನಕ್ಕೂ ದಾರಿಯಾಗುವುದು ಎಲ್ಲ ಕಡೆಯ ಮಾತಲ್ಲ.

ಸೀಮೆಯೇ ಪಾಠ

ಆರು ಶಾಸ್ತ್ರಗಳಿಗೂ ಕಣ್ಣೆದುರಿನ ಉದಾಹರಣೆ ಸಿಗುವ ಜಾಗ ಇದು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೇತುವೆ ನಿರ್ಮಾಣದ ವಿವಾದದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, 2006ರಲ್ಲಿ ಅದರಿಂದ ಹೊರಬಂದವು. ಪರಂಪರೆ ಮುಖ್ಯವೋ, ಹೊಳೆ ದಾಟುವ ಊರವರ ಅನುಕೂಲ ಮುಖ್ಯವೋ ಎಂಬ ಪ್ರಶ್ನೆ ಇತಿಹಾಸಕ್ಕೂ ರಾಜ್ಯಶಾಸ್ತ್ರಕ್ಕೂ ಏಕಕಾಲಕ್ಕೆ ಸೇರಿದ್ದು.

ಕಮಲಾಪುರದಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ವಸ್ತುಸಂಗ್ರಹಾಲಯ ಮೊದಲು ಹಂಪಿಯ ಗಜಶಾಲೆಯಲ್ಲಿ ಶುರುವಾದ ಸಂಗ್ರಹ. 1972ರಲ್ಲಿ ಅದು ಇಲ್ಲಿಗೆ ಬಂತು. ವೀರಗಲ್ಲು, ಮಾಸ್ತಿಕಲ್ಲು, ನಾಣ್ಯ, ಆಯುಧಗಳಿದ್ದರೂ ಶಾಲಾ ಮಕ್ಕಳು ಮುತ್ತಿಕೊಳ್ಳುವುದು ಹಂಪಿ ಕಣಿವೆಯ ದೊಡ್ಡ ಮಾದರಿಯನ್ನು. ಹೊಳೆ, ಗುಡ್ಡ, ಗುಡಿಗಳೆಲ್ಲ ಅಲ್ಲಿ ಮೊಣಕಾಲಿನ ಎತ್ತರಕ್ಕೆ ಇಳಿದಿವೆ. ‘ಕರ್ನಾಟಕ ದರ್ಶನ’ ಪ್ರವಾಸದಲ್ಲಿ ದೂರದ ಜಿಲ್ಲೆಗಳಿಂದ ಬಂದವರು ವಿರೂಪಾಕ್ಷ ಗುಡಿ ಎಲ್ಲಿ ಎಂದು ಹುಡುಕಿದರೆ, ಊರಿನ ಮಕ್ಕಳು ಹುಡುಕುವುದು ತಮ್ಮ ಓಣಿಯನ್ನು. ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಜಯನಗರದ ನೀರಾವರಿ ಇಲ್ಲಿ ಇನ್ನೂ ಹರಿಯುತ್ತಿದೆ. ಆ ಕಾಲದ ಕಾಲುವೆಗಳ ನೀರು ಬಾಳೆ, ಭತ್ತಕ್ಕೆ ಸಲ್ಲುತ್ತದೆ. ಕಮಲಾಪುರದ ಕೆರೆಯೂ ಆ ಕಾಲದ್ದೇ. ಊರಿಗೆ ಹತ್ತಿರದ ವಿದ್ಯಾರಣ್ಯದಲ್ಲಿರುವ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದು. ಸಂಶೋಧನೆಗೆಂದೇ ರೂಪುಗೊಂಡ ಅದರ ಶಾಸನ ಸಂಪುಟಗಳು, ಚರಿತ್ರೆಯ ಪ್ರಕಟಣೆಗಳು ಆಸಕ್ತ ಶಿಕ್ಷಕರಿಗೆ ಕೈಗೆಟಕುವ ಆಕರ.

ರಾಜ್ಯಶಾಸ್ತ್ರದ ಸ್ಥಳೀಯ ಸರ್ಕಾರದ ಪಾಠವನ್ನು ಈ ಆರು ಊರುಗಳಲ್ಲೇ ತೋರಿಸಬಹುದು. ಹಂಪಿ ಗ್ರಾಮ ಪಂಚಾಯಿತಿ, ಕಮಲಾಪುರ ಪಟ್ಟಣ ಪಂಚಾಯಿತಿ, ಕಂಪ್ಲಿ ಮತ್ತು ಸಂಡೂರು ಪುರಸಭೆ, ಹೊಸಪೇಟೆ ನಗರಸಭೆ, ಬಳ್ಳಾರಿ ಮಹಾನಗರ ಪಾಲಿಕೆ. 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾಗಿ ವಿಜಯನಗರ ರೂಪುಗೊಂಡಾಗ ಹೊಸಪೇಟೆ, ಕಮಲಾಪುರ ಹೊಸ ಜಿಲ್ಲೆಗೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಿಂದಿನ ಗೆರೆಗಳು ಇನ್ನೂ ಸ್ವಾರಸ್ಯಕರ. ಬಳ್ಳಾರಿ ಸೀಮೆ ಮದರಾಸು ಆಡಳಿತದಿಂದ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು; ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋದವು. ಘೋರ್ಪಡೆ ಮನೆತನದ ಸಂಡೂರು 1949ರವರೆಗೆ ಪುಟ್ಟ ಸಂಸ್ಥಾನ. ಹಳೆಯ ಹೈದರಾಬಾದ್ ರಾಜ್ಯಕ್ಕೆ ಸೇರಿರದಿದ್ದರೂ ಬಳ್ಳಾರಿ, ಆ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬಂತು. ಸಂವಿಧಾನದ ತಿದ್ದುಪಡಿಯೊಂದು ಹಳ್ಳಿಯ ಹುಡುಗನ ಸೀಟು, ನೌಕರಿಯನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಭೂಗೋಳಕ್ಕೆ, ಅರ್ಥಶಾಸ್ತ್ರಕ್ಕೆ ಸಂಡೂರಿನ ಬೆಟ್ಟಗಳಿವೆ. ಕಬ್ಬಿಣ, ಮ್ಯಾಂಗನೀಸ್ ಅದಿರು, ದೋಣಿಮಲೈಯ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಠ್ಯದ ಖನಿಜ ಸಂಪನ್ಮೂಲದ ಪಟ್ಟಿಯಿಂದ ಎದ್ದು ಬಂದಂತಿವೆ. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಹೊರಬಿದ್ದದ್ದು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು, ಲಾರಿಗಳು ನಿಂತದ್ದು ಇಲ್ಲಿನ ಮನೆಗಳ ನೆನಪಿನಲ್ಲಿದೆ. ಅದೇ ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದ್ದು ವ್ಯವಹಾರ ಅಧ್ಯಯನದ ತರಗತಿಗೆ ಒದಗುತ್ತದೆ. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ, ಜಲಸಂಪನ್ಮೂಲದ ಪಾಠ ಕೆಲವು ದಿನ ಎಲ್ಲರ ಮಾತಾಯಿತು.

ಗಡಿಯಾಚೆಯ ಕನ್ನಡ ಶಾಲೆಗಳು

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯಕ್ರಮದ ಕನ್ನಡ ಪುಸ್ತಕ. ಅಲ್ಲಿಯೂ ಸಮಾಜ ವಿಜ್ಞಾನ ಎರಡು ಭಾಗಗಳಲ್ಲಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗೆ ಮಹಾರಾಷ್ಟ್ರದ ಬಾಲಭಾರತಿ ಪುಸ್ತಕ ಒದಗಿಸುತ್ತದೆ. ಪರೀಕ್ಷೆಯಲ್ಲಿ ಇತಿಹಾಸ-ರಾಜ್ಯಶಾಸ್ತ್ರಕ್ಕೆ 40, ಭೂಗೋಳಕ್ಕೆ 40 ಅಂಕ. ನುಡಿ ಒಂದೇ ಆದರೂ ಯಾವ ರಾಜ್ಯದ ಇತಿಹಾಸ ಮುನ್ನೆಲೆಗೆ ಬರುತ್ತದೆ ಎಂಬುದು ಗಡಿಗೆರೆಯನ್ನು ಅವಲಂಬಿಸಿದೆ. ವಿದೇಶದ ಕನ್ನಡ ಮನೆಗಳ ಮಕ್ಕಳಿಗೆ ಆಯ್ಕೆ ಬೇಗ ಬರುತ್ತದೆ. ಇಂಗ್ಲೆಂಡಿನಲ್ಲಿ ಹದಿನಾಲ್ಕರ ಸುಮಾರಿಗೇ ಇತಿಹಾಸ, ಭೂಗೋಳಗಳನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತಾರೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ದೇಶದ ಇತಿಹಾಸ ಓದುವುದರ ಜೊತೆಗೆ ಮನೋವಿಜ್ಞಾನ, ಮಾನವ ಭೂಗೋಳ, ಅರ್ಥಶಾಸ್ತ್ರದಂಥ ಕೋರ್ಸುಗಳನ್ನು ಆರಿಸಿಕೊಳ್ಳಬಹುದು.

ಚರ್ಚೆಗಳು

ಆರು ಶಾಸ್ತ್ರಗಳನ್ನು ಒಬ್ಬರೇ ಶಿಕ್ಷಕರು ಕಲಿಸುವುದು ಈ ಏರ್ಪಾಡಿನ ಹಳೆಯ ತೊಡಕು. ಇತಿಹಾಸ ಓದಿ ಬಂದವರು ಬ್ಯಾಂಕ್ ವ್ಯವಹಾರವನ್ನೂ, ಅರ್ಥಶಾಸ್ತ್ರ ಓದಿದವರು ಶಿಲಾಗೋಳವನ್ನೂ ವಿವರಿಸಬೇಕು. ಎರಡನೆಯದು ಪಠ್ಯಪುಸ್ತಕದ ವಿವಾದ. ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಿಂದ ಬಳಕೆಗೆ ಬಂದವು. ರೋಹಿತ್ ಚಕ್ರತೀರ್ಥ ಸಮಿತಿಯ ಮರುಪರಿಷ್ಕರಣೆ 2022ರಲ್ಲಿ ರಾಜ್ಯವ್ಯಾಪಿ ವಾಗ್ವಾದಕ್ಕೆ ಕಾರಣವಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಕನ್ನಡ ಮತ್ತು ಸಮಾಜ ವಿಜ್ಞಾನದ ಪುಸ್ತಕಗಳು ಮತ್ತೆ ತಿದ್ದುಪಡಿಗೆ ಒಳಗಾದವು. ಗಣಿತದ ಪುಸ್ತಕಕ್ಕೆ ಈ ಪಾಡು ಬರುವುದಿಲ್ಲ. ಸಮಾಜ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳಬೇಕು ಎಂಬ ಜಗಳ ನಡೆಯುವುದು ಈ ಪುಸ್ತಕದ ಮೇಲೆಯೇ.

ಆಯ್ಕೆ ಯಾವಾಗ ಶುರುವಾಗಬೇಕು ಎಂಬುದು ಮೂರನೆಯ ಚರ್ಚೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 9ರಿಂದ 12ರವರೆಗಿನ ನಾಲ್ಕು ವರ್ಷಗಳನ್ನು ಒಂದೇ ಹಂತವಾಗಿ ಕಂಡು, ಕಲೆ-ವಿಜ್ಞಾನಗಳ ನಡುವಿನ ಗಟ್ಟಿ ಗೋಡೆ ಬೇಡ ಎಂದಿತು. ಕರ್ನಾಟಕ ತನ್ನದೇ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚಿಸಿತು. ಗೋಡೆ ಕರಗಿದರೆ ಭೌತಶಾಸ್ತ್ರದ ಜೊತೆ ಇತಿಹಾಸ ಓದುವ ವಿದ್ಯಾರ್ಥಿ ಸಾಧ್ಯವಾಗುತ್ತಾನೆ; ಅದಕ್ಕೆ ಎರಡನ್ನೂ ಕಲಿಸುವ ಕಾಲೇಜು ಹತ್ತಿರದಲ್ಲಿರಬೇಕು ಎಂಬ ಮಾತು ಮಾತ್ರ ಹಾಗೆಯೇ ಉಳಿಯುತ್ತದೆ.

ಸದ್ಯಕ್ಕೆ ಕಮಲಾಪುರದ ವಿದ್ಯಾರ್ಥಿನಿ ಪರೀಕ್ಷೆಯ ಕೋಣೆಯಲ್ಲಿ ಬರೆಯುವುದು ಬೆಂಗಳೂರಿನವರೂ ಬೀದರಿನವರೂ ಬರೆಯುವ ಅದೇ ನಕ್ಷೆ, ಇಡುವುದು ಅದೇ ಚುಕ್ಕೆ. ಕೆಲವು ತಿಂಗಳಲ್ಲಿ ಕಾಲೇಜಿನ ಅರ್ಜಿಯ ‘ಸಂಯೋಜನೆ’ ಎಂಬ ಖಾನೆ ಅವಳ ಮುಂದೆ ಬರುತ್ತದೆ. ಅಲ್ಲಿ ಏನು ತುಂಬಬೇಕು ಎಂಬುದಕ್ಕೆ ಅವಳ ಕೈಯಲ್ಲಿರುವುದು ಮೂರು ವರ್ಷ ಆರನ್ನೂ ಓದಿದ ಅನುಭವ. ಅವಳ ಎದುರಿಗಿರುವುದು ಬಸ್ಸಿನ ವೇಳಾಪಟ್ಟಿ.